ಹೇರಳೆ ಗಿಡದ ನೆರಳಿನಲ್ಲಿ: ತೋಟದ ಹಕ್ಕಿ ಮತ್ತು ಕ್ಯಾಮರಾ

ಚಳಿಗಾಲ ಬಂದಿತೆಂದರೆ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಯ ಏರಿಯ ಮೇಲೆ ಉದ್ದ ಮೂತಿಯ ಕ್ಯಾಮರಾಗಳು ಕಾಣಿಸಿಕೊಳ್ಳುತ್ತವೆ. ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಚಿತ್ರಿಸಿಕೊಳ್ಳಲು ಜನರು ದೂರದೂರದಿಂದ ಬರುತ್ತಾರೆ. ಬರಲಿ, ಅದು ಸಂತೋಷದ ಸಂಗತಿಯೇ. ಆದರೆ ಕೆರೆಯ ದಾರಿಯ ಎರಡು ಮಗ್ಗುಲಿನ ತೋಟಗಳಲ್ಲಿ ಹನ್ನೆರಡು ತಿಂಗಳೂ ವಾಸಿಸುವ ಜೀವಿಗಳ ಕಡೆಗೆ ಆ ಕ್ಯಾಮರಾಗಳು ತಿರುಗುವುದು ಅಪರೂಪ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಈ ಮನೆಯ ಮಗ್ಗುಲಿನ ಜೀವಿಗಳ ವಿಚಾರವನ್ನು. ಅವುಗಳನ್ನು ಚಿತ್ರಿಸುವುದಕ್ಕೆ ಬೇಕಾದ ಬೆಳಕಿನ ವಿಚಾರವನ್ನು. ಆ ಬೆಳಕಿಗಾಗಿ ನಾವು ಮಾಡಿದ ಒಂದು ತಪ್ಪನ್ನೂ ಸೇರಿಸಿ.

ನಮ್ಮ ಸೋದರಮಾವನವರ ತೋಟವು ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಪಿಲೆಯ ನೀರು ಹರಿಯುವ ನಾಲೆಯೊಂದರ ದಡದಲ್ಲಿದೆ. ತೆಂಗು, ಒಂದು ಸಾಲು ರಸಬಾಳೆ, ಬೇಲಿಗೆ ನುಗ್ಗೆ, ಬಾವಿಯ ಬಳಿ ದಾಸವಾಳ ಮತ್ತು ಒಂದು ಹೇರಳೆ ಗಿಡ. ಭಾನುವಾರದ ಬೆಳಗ್ಗೆ ಆ ಬಾವಿಕಟ್ಟೆಯ ಮೇಲೆ ಒಂದು ಗಂಟೆ ಅಲ್ಲಾಡದೆ ಕುಳಿತವರಿಗೆ ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ, ಜಗಳವಾಡುತ್ತಲೇ ಮೇಯುವ ಹರಟೆಮಲ್ಲರ ಗುಂಪು, ತೆಂಗಿನ ಪೊಟರೆಯಿಂದ ಇಣುಕುವ ಹಾಲಕ್ಕಿ, ನಾಲೆಯ ಕಲ್ಲಿನ ಮೇಲೆ ಬಿಸಿಲು ಕಾಯುವ ಉಡ, ಇಷ್ಟಾದರೂ ಕಾಣುತ್ತವೆ. ಎದ್ದು ಓಡಾಡುವವನಿಗೆ ಕಾಗೆ ಮಾತ್ರ ಕಾಣುತ್ತದೆ.

ಇವೆಲ್ಲದರಲ್ಲಿ ನಮ್ಮ ಮನಸ್ಸನ್ನು ಮೊದಲು ಸೆಳೆದುದು ಟುವ್ವಿ ಹಕ್ಕಿ. ಸಿಂಪಿಗ ಎಂದೂ ಅದನ್ನು ಕರೆಯುವರು. ಹತ್ತು ಗ್ರಾಮಿಗಿಂತ ಕಡಿಮೆ ತೂಗುವ ಈ ಹಕ್ಕಿಯು ಎಲೆಗಳ ಅಂಚನ್ನು ಕೂಡಿಸಿ ಹೊಲಿದು ಚೀಲ ಮಾಡಿ ಅದರೊಳಗೆ ಹತ್ತಿಯ ಹಾಸಿಗೆಯನ್ನು ಹಾಸುತ್ತದೆ. ಹೊಲಿಗೆ ಎಂದೆವು, ನಿಜಕ್ಕೂ ಅದು ದರ್ಜಿಯ ಹೊಲಿಗೆಯಲ್ಲ. ಕೊಕ್ಕಿನಿಂದ ಎಲೆಗೆ ಸಣ್ಣ ತೂತು ಮಾಡಿ ನಾರನ್ನೋ ಜೇಡನ ಎಳೆಯನ್ನೋ ತೂರಿಸಿದರೆ, ಹೊರಬದಿಯಲ್ಲಿ ಅದರ ತುದಿ ಕೆದರಿ ಗುಂಡಿಯಂತೆ ನಿಂತು ಬಿಗಿಯಾಗುತ್ತದೆ. ಗುಡಾಣದ ತಗಡುಗಳನ್ನು ರಿವೆಟ್ ಹೊಡೆದು ಸೇರಿಸುವುದಿಲ್ಲವೆ, ಅದೇ ಉಪಾಯ. ತೂತು ಅಷ್ಟು ಸಣ್ಣದಾದುದರಿಂದ ಎಲೆ ಒಣಗುವುದಿಲ್ಲ. ಎಲೆಯ ಮೇಲ್ಮೈ ಹೊರಗಿರುವುದರಿಂದ ನೋಡುವವರಿಗೆ ಇತರ ಎಲೆಗಳ ನಡುವೆ ಇದೂ ಒಂದು ಹಸುರು ಎಲೆಯೇ.

ಇಂಥ ಹಕ್ಕಿಯನ್ನು ಚಿತ್ರಿಸುವುದು ಏಕೆ ಕಷ್ಟ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮಸೂರದ ಹಿಂದೆ ಮೂಡುವ ಬಿಂಬದ ಗಾತ್ರವು, ವಸ್ತುವಿನ ಗಾತ್ರವನ್ನು ಸಂಗಮದೂರದಿಂದ ಗುಣಿಸಿ ವಸ್ತುವಿನ ದೂರದಿಂದ ಭಾಗಿಸಿದಷ್ಟು ಇರುತ್ತದೆ. ಬಾಲ ಸೇರಿ 12 ಸೆಂಟಿಮೀಟರು ಉದ್ದದ ಟುವ್ವಿ 6 ಮೀಟರು ದೂರದಲ್ಲಿದೆ ಎನ್ನೋಣ. 50 ಮಿಲಿಮೀಟರು ಸಂಗಮದೂರದ ಸಾಧಾರಣ ಮಸೂರದಲ್ಲಿ ಅದರ ಬಿಂಬ 1 ಮಿಲಿಮೀಟರು, ಎಂದರೆ ಸಣ್ಣ ಸಾಸಿವೆಯಷ್ಟು. 400 ಮಿಲಿಮೀಟರಿನ ಮಸೂರವಾದರೆ 8 ಮಿಲಿಮೀಟರು. ಉದ್ದ ಮೂತಿಯ ಅಗತ್ಯ ಇಷ್ಟೇ. ಆದರೆ ಅದಕ್ಕೆ ಬೆಲೆ ತೆರಬೇಕು. ಈ ಮಸೂರದ ದ್ವಾರವನ್ನು ಎಫ್-5.6ಕ್ಕೆ ತೆರೆದಾಗ, 6 ಮೀಟರು ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕೇವಲ ಏಳೆಂಟು ಸೆಂಟಿಮೀಟರು. ಹಕ್ಕಿ ನಮ್ಮ ಕಡೆಗೆ ಮುಖ ಮಾಡಿ ಕುಳಿತರೆ ಕೊಕ್ಕು ಸ್ಪಷ್ಟ, ಬಾಲ ಮಸುಕು. ಆದುದರಿಂದಲೇ ಕಣ್ಣಿಗೆ ಗುರಿ ಹಿಡಿಯಬೇಕೆಂದು ಅನುಭವಿಗಳು ಹೇಳುವುದು.

ಇನ್ನು ಬೆಳಕು. ನೆತ್ತಿಯ ಬಿಸಿಲಿನಲ್ಲಿ, 100ರ ವೇಗದ ಫಿಲ್ಮಿಗೆ ಎಫ್-16ರ ದ್ವಾರದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಬೆಳಕೊಡ್ಡಿದರೆ ಸಾಕೆಂಬುದು ಹಳೆಯ ಲೆಕ್ಕ. ಹೇರಳೆ ಗಿಡದ ಒಳಗಿನ ನೆರಳಿನಲ್ಲಿ ಬೆಳಕು ಅರುವತ್ತು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು ಏನೂ ಹೆಚ್ಚಲ್ಲ. ದ್ವಾರವನ್ನು ಎಫ್-5.6ಕ್ಕೆ ಹಿಗ್ಗಿಸಿದರೆ ಎಂಟರಷ್ಟು ಮರಳಿ ದೊರೆಯುತ್ತದೆ. ಉಳಿದ ಎಂಟರಷ್ಟನ್ನು ಕಾಲದಿಂದ ತುಂಬಿಕೊಳ್ಳಬೇಕು: ಸೆಕೆಂಡಿನ ಹನ್ನೆರಡನೆಯ ಒಂದು ಭಾಗ. ಆ ಹೊತ್ತಿನಲ್ಲಿ ಹಕ್ಕಿ ಸೆಕೆಂಡಿಗೆ ಒಂದು ಮೀಟರಿನ ವೇಗದಿಂದ ತಲೆ ತಿರುಗಿಸಿದರೂ ಬಿಂಬವು 5 ಮಿಲಿಮೀಟರಿಗೂ ಹೆಚ್ಚು ಜರುಗುತ್ತದೆ. ಇಡೀ ಹಕ್ಕಿಯ ಬಿಂಬವೇ 8 ಮಿಲಿಮೀಟರು! ದೊರೆಯುವುದು ಹಕ್ಕಿಯಲ್ಲ, ಹಸುರು ಬಣ್ಣ ಬಳಿದ ಗೆರೆ.

1936ರಲ್ಲಿ 35 ಮಿಲಿಮೀಟರು ಕ್ಯಾಮರಾಗಳಿಗೆ ಬಂದ ಕೊಡಾಕ್ರೋಮ್ ವರ್ಣ ಫಿಲ್ಮಿನ ವೇಗ ಸುಮಾರು 10. ನಮ್ಮ ಹೇರಳೆ ಗಿಡದ ಕೆಳಗೆ ಅದಕ್ಕೆ ಮುಕ್ಕಾಲು ಸೆಕೆಂಡಿಗೂ ಹೆಚ್ಚು ಬೇಕಾಗುತ್ತಿತ್ತು. ಹಿಂದಿನವರು ಗೂಡನ್ನೇ ಏಕೆ ಹುಡುಕುತ್ತಿದ್ದರೆಂಬುದು ಈಗ ವಾಚಕರಿಗೆ ತಿಳಿದಿರಬಹುದು. ಹಕ್ಕಿ ತಪ್ಪದೆ ಬಂದು ಕೂರುವ ಸ್ಥಳ ಗೂಡು ಒಂದೇ. ಅಲ್ಲಿ ಮುಂಚೆಯೇ ಮರೆ ಕಟ್ಟಿ, ಕ್ಯಾಮರಾವನ್ನು ಕೆಲವೇ ಅಡಿಗಳ ದೂರಕ್ಕೆ ತಂದು, ಬೆಳಕಿಗೆ ಅಡ್ಡವಾದ ರೆಂಬೆಗಳನ್ನು ಸರಿಸಿ, ಸಾಲದಿದ್ದರೆ ಬಲ್ಬಿನ ಮಿಂಚನ್ನು ಹೊಡೆಯಬಹುದಾಗಿತ್ತು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1895ರಲ್ಲಿ ಹೊರತಂದ, ಛಾಯಾಚಿತ್ರಗಳಿಂದಲೇ ಸಿಂಗರಿಸಿದ ಗ್ರಂಥವೂ ಹಕ್ಕಿಗಳ ಗೂಡನ್ನು ಕುರಿತದ್ದೇ. ಆ ಸಹೋದರರು ಎತ್ತಿನ ಚರ್ಮದ ಪೊಳ್ಳು ಗೊಂಬೆಯೊಳಗೆ ಅಡಗಿ ಕುಳಿತು ಚಿತ್ರ ತೆಗೆದುದೂ ಉಂಟು. ಹಕ್ಕಿಗಳು ಎತ್ತಿಗೆ ಹೆದರುವುದಿಲ್ಲವೆಂಬುದನ್ನು ನಮ್ಮ ಗದ್ದೆಯ ಬೆಳ್ಳಕ್ಕಿಗಳನ್ನು ಕಂಡವರೆಲ್ಲ ಬಲ್ಲರು. ನಮ್ಮಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು, ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ಹಕ್ಕಿಗಳನ್ನು ಚಿತ್ರಿಸಿದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರು ಕೈ ಪಳಗಿಸಿಕೊಂಡುದು ಇಂಥ ಫಿಲ್ಮಿನ ಕಾಲದಲ್ಲಿಯೇ. ಅವರ ತಾಳ್ಮೆ ಎಷ್ಟೆಂದು ಈ ಅಂಕಿಗಳನ್ನು ಕಂಡಾಗ ಅರಿವಾಗುತ್ತದೆ.

ನಾವು ತಪ್ಪಿದುದು 2016ರ ಜೂನ್ ತಿಂಗಳಿನಲ್ಲಿ. ಹೇರಳೆ ಗಿಡದಲ್ಲಿ ಟುವ್ವಿಯ ಗೂಡು, ಗೂಡಿನಲ್ಲಿ ಮೂರು ಮರಿಗಳು. ಕೈಯಲ್ಲಿ ಒಳ್ಳೆಯ ಕ್ಯಾಮರಾವೇ ಇತ್ತು. ಆದರೂ ಹಳೆಯ ಪುಸ್ತಕಗಳನ್ನು ಓದಿದ ಜಂಬ. ಬೆಳಕು ಸಾಲದೆಂದು ಗೂಡಿನ ಮೇಲಿದ್ದ ಎರಡು ರೆಂಬೆಗಳನ್ನು ಬಾಳೆನಾರಿನಿಂದ ಪಕ್ಕಕ್ಕೆ ಎಳೆದು ಕಟ್ಟಿದೆವು. ಗಂಡು ಹೆಣ್ಣು ಎರಡೂ ಹುಳು ತಂದು ಉಣಿಸುವ ಚಿತ್ರಗಳು ಬಹಳ ಚೆನ್ನಾಗಿ ಬಂದುವು. ಆ ಸಂಭ್ರಮದಲ್ಲಿ, ಊಟಕ್ಕೆ ಕರೆದರೆಂದು ಎದ್ದು ಹೋದವರು ನಾರನ್ನು ಬಿಚ್ಚುವುದನ್ನು ಮರೆತೆವು. ಮೂರು ಗಂಟೆಗೆ ಮರಳಿದಾಗ ಎಲೆಯ ಚೀಲ ಹರಿದು ನೇತಾಡುತ್ತಿತ್ತು. ಒಂದು ಮರಿ ಅದರಲ್ಲಿಯೇ ಸತ್ತು ಬಿದ್ದಿತ್ತು, ಇನ್ನೆರಡು ಇರಲಿಲ್ಲ. ಅರಿಶಿನದ ಪಾತಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸು, “ಕೆಂಬೂತ ಬಂದಿತ್ತು ಮೇಷ್ಟ್ರೇ, ನಾ ಓಡ್ಸೋ ಹೊತ್ಗೆ ಆಗೋಗಿತ್ತು” ಎಂದಳು. ಮಾವನವರು ಕಟ್ಟಿದ ನಾರನ್ನು ನೋಡಿ, “ಅವುಗಳ ಮನೆ ಬಾಗಿಲು ತೆಗೆದಿಟ್ಟು ಊಟಕ್ಕೆ ಬಂದೆಯಲ್ಲಯ್ಯ” ಎಂದು ಮಾತ್ರ ಹೇಳಿ ಒಳಗೆ ಹೋದರು.

ಕೆಂಬೂತ ಬರದಿದ್ದರೆ ಮರಿಗಳು ಉಳಿಯುತ್ತಿದ್ದುವೇ? ಅಂದು ರಾತ್ರಿ ನಿದ್ರೆ ಬಾರದೆ ಕಾಗದದ ಮೇಲೆ ಲೆಕ್ಕ ಹಾಕಿದೆವು. ನಡುಹಗಲ ನಿರ್ಮಲ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಸುತ್ತದೆ. ಗೂಡಿನ ಬಾಯಿ 5 ಸೆಂಟಿಮೀಟರು ಅಗಲವೆಂದರೆ ಅದರೊಳಕ್ಕೆ ಬೀಳುವುದು 2 ವಾಟ್. ನೋಡಲು ಏನೂ ಅಲ್ಲ, ಚಿಕ್ಕ ರಾತ್ರಿದೀಪದಷ್ಟು. ಆದರೆ ಮೂರು ಮರಿಗಳೂ ಸೇರಿ 10 ಗ್ರಾಂ ತೂಗಿದರೆ, ಆ ಶಾಖವನ್ನೆಲ್ಲ ಹೀರಿದಲ್ಲಿ ನಿಮಿಷಕ್ಕೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಂತೆ ಅವುಗಳ ಮೈ ಕಾಯುತ್ತದೆ. ಗಾಳಿಯೂ ಆವಿಯೂ ಒಂದಷ್ಟನ್ನು ಕೊಂಡೊಯ್ಯುವುದು ನಿಜ. ತಾಯಿ ರೆಕ್ಕೆ ಹರಡಿ ನೆರಳು ಕೊಡುವುದೂ ಉಂಟು. ಆದರೂ ಪುಕ್ಕವಿಲ್ಲದ ಮರಿಗಳಿಗೆ ಕೆಲವು ನಿಮಿಷಗಳೇ ಸಾಕು. ನಮ್ಮ ಮಸೂರಕ್ಕೆ ಅಡ್ಡವಾಗಿದ್ದ ಎರಡು ರೆಂಬೆಗಳು ಅವಕ್ಕೆ ಸೂರೂ ಆಗಿದ್ದುವು, ಪರದೆಯೂ ಆಗಿದ್ದುವು. ಕ್ಯಾಮರಾಕ್ಕೆ ದಾರಿ ಬಿಟ್ಟುದು ಕೆಂಬೂತದ ಕಣ್ಣಿಗೂ ದಾರಿ ಬಿಟ್ಟಿತು.

1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮವು ಬೇಟೆ ಎಂಬ ಪದವನ್ನು ವಿವರಿಸುವಾಗ ಕಾಡುಹಕ್ಕಿಗಳ ಮೊಟ್ಟೆಗಳನ್ನಾಗಲಿ ಗೂಡುಗಳನ್ನಾಗಲಿ ಕದಡುವುದನ್ನೂ ಅದರೊಳಗೆ ಸೇರಿಸಿದೆ. ಕೋವಿಯನ್ನು ಮುಟ್ಟದ ನಾವೂ ಆ ಮಾತಿನ ವ್ಯಾಪ್ತಿಗೆ ಬರುವೆವೆಂದು ತಿಳಿದುದು ಆಮೇಲೆ. ಇಂದು ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಅದು ಸರಿಯೆಂದೇ ನಮ್ಮ ಅಭಿಪ್ರಾಯ.

ಗೂಡಿನ ಹಂಗು ಈಗ ಬೇಕಾಗಿಯೂ ಇಲ್ಲ. ಇಂದಿನ ಕ್ಯಾಮರಾಗಳ ಸಂವೇದಕವನ್ನು 6400ರ ವೇಗಕ್ಕೆ ಹೊಂದಿಸಬಹುದು. ಹೇರಳೆ ಗಿಡದ ಅದೇ ನೆರಳಿನಲ್ಲಿ, ಅದೇ ಎಫ್-5.6ರಲ್ಲಿ, ಸೆಕೆಂಡಿನ ಎಂಟುನೂರನೆಯ ಒಂದು ಭಾಗ ಸಾಕು. ತಲೆ ತಿರುಗಿಸುವ ಹಕ್ಕಿಯ ಬಿಂಬ ಆಗ ಜರುಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ವೇಗ ಹೆಚ್ಚಿಸಿದಾಗ ಸಂವೇದಕವು ಹೆಚ್ಚು ಬೆಳಕನ್ನು ಹಿಡಿಯುತ್ತದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು, ಹಾಗಲ್ಲ. ದೊರೆತ ಅಲ್ಪ ಬೆಳಕನ್ನೇ ಅದು ಹಿಗ್ಗಿಸಿ ತೋರಿಸುತ್ತದೆ. ಬೆಳಕಿನ ಕಣಗಳು ಅರುವತ್ತು ನಾಲ್ಕನೆಯ ಒಂದು ಭಾಗಕ್ಕೆ ಇಳಿದಾಗ ಅವುಗಳ ಏರುಪೇರು ಎಂಟು ಪಟ್ಟು ಎದ್ದು ಕಾಣುವುದರಿಂದ ಚಿತ್ರ ಮರಳು ಮರಳಾಗುತ್ತದೆ. ಆಗಲಿ. ಮರಿ ಸಾಯುವುದಕ್ಕಿಂತ ಚಿತ್ರ ಮರಳಾಗುವುದು ಲೇಸು.

ಈಗ ನಾವು ಮಾಡುವುದಿಷ್ಟು. ಬಾವಿಕಟ್ಟೆಯಿಂದ ಎಂಟು ಮೀಟರು ದೂರದಲ್ಲಿ, ನೆರಳಿನಲ್ಲಿ, ಮಣ್ಣಿನ ಅಗಲವಾದ ಬೋಗುಣಿಯಲ್ಲಿ ಎರಡು ಬೆರಳು ಆಳ ನೀರು. ಅದರ ಪಕ್ಕಕ್ಕೆ ಒಂದು ಒಣಕೊಂಬೆ. ಹಕ್ಕಿ ನೀರಿಗೆ ಇಳಿಯುವ ಮುನ್ನ ಕೊಂಬೆಯ ಮೇಲೆ ಕುಳಿತು ಸುತ್ತಲೂ ನೋಡುತ್ತದೆ. ನಾವು ಗೋಣಿತಟ್ಟಿನ ಮರೆಯಲ್ಲಿ ಕುಳಿತಿರುತ್ತೇವೆ. ಬಟ್ಟೆಯ ಬಣ್ಣಕ್ಕಿಂತ ಕೈಯ ಚಲನೆಯೇ ಹಕ್ಕಿಯನ್ನು ಬೇಗ ಬೆದರಿಸುತ್ತದೆ. ಧ್ವನಿಮುದ್ರಿಸಿದ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಇಲ್ಲದ ವೈರಿಯನ್ನು ಹುಡುಕಿ ಅದು ಬಳಲುತ್ತದೆ. ದಾಸವಾಳಕ್ಕೆ ಬರುವ ಗಂಡು ಸೂರಕ್ಕಿಯನ್ನು ಹಿಡಿಯಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು. ಅದರ ಕೊರಳಿನ ಹೊಳಪು ಬಣ್ಣದ ಪುಡಿಯಿಂದ ಬಂದುದಲ್ಲ. ಪುಕ್ಕದೊಳಗಿನ ತೆಳುವಾದ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಕೂಡಿ ಆದುದು, ಸೋಪಿನ ಗುಳ್ಳೆಯ ಬಣ್ಣಗಳಂತೆ. ಕೋನ ಸ್ವಲ್ಪ ತಪ್ಪಿದರೆ ಕೊರಳು ಬರಿಯ ಕಪ್ಪು.

ರಾತ್ರಿಯ ಸಂಚಾರಿಗಳಾದ ಪುನುಗುಬೆಕ್ಕು, ಕಾಡುಬೆಕ್ಕುಗಳಿಗೆ ಮನುಷ್ಯರು ಕಾದು ಕೂರುವುದು ಬೇಡ. ಪ್ರಾಣಿಯ ಮೈಯಿಂದ ಹೊಮ್ಮುವ, ಕಣ್ಣಿಗೆ ಕಾಣದ ಶಾಖಕಿರಣವನ್ನು ಗುರುತಿಸಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾವನ್ನು ಮರಕ್ಕೆ ಕಟ್ಟಿ ಮನೆಗೆ ಬರಬಹುದು. ನಮ್ಮ ಸೀಮೆಯಲ್ಲಿ ಈ ಎಚ್ಚರಿಕೆ ಶೋಕಿಯ ಮಾತಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ಬಾಯಿಗೆ ಬಿದ್ದರು. ಕಬ್ಬಿನ ಗದ್ದೆಯ ಅಂಚಿನಲ್ಲಿ ನಸುಕಿಗೂ ಮುಸ್ಸಂಜೆಗೂ ಒಬ್ಬೊಬ್ಬರೇ ಕ್ಯಾಮರಾ ಹಿಡಿದು ಬಗ್ಗಿ ಕುಳಿತುಕೊಳ್ಳಬೇಡಿರೆಂದು ನಮ್ಮ ವಿದ್ಯಾರ್ಥಿಗಳಿಗೆ ನಾವು ಖಂಡಿತವಾಗಿ ಹೇಳಿದ್ದೇವೆ.

ಈ ಮುಂಗಾರಿನಲ್ಲಿಯೂ ಬಾವಿಯ ಬಳಿ ಟುವ್ವಿಗಳ ಓಡಾಟವಿದೆ. ಗೂಡು ಹೇರಳೆಯಲ್ಲಿದೆಯೋ ಬದನೆಯ ಪಾತಿಯಲ್ಲಿದೆಯೋ ನಾವು ಹುಡುಕಲು ಹೋಗಿಲ್ಲ. ತೆಂಗಿನ ನಾರನ್ನು ಕಚ್ಚಿಕೊಂಡು ಹೋಗುವ ಹೆಣ್ಣು ನುಗ್ಗೆಯ ಒಂದು ಕೊಂಬೆಯ ಮೇಲೆ ಕ್ಷಣಕಾಲ ನಿಲ್ಲುತ್ತದೆ. ಕಳೆದ ಭಾನುವಾರ ಅದರ ಚಿತ್ರ ದೊರೆಯಿತು. ಒಂದು ಎಲೆ ಅಡ್ಡ ಬಂದು ಬಾಲದ ಅರ್ಧ ಮರೆಯಾಗಿದೆ. ನಾರಿನ ಎಳೆಗಳನ್ನು ಮಾತ್ರ ಎಣಿಸಬಹುದು.