ಅಥೆನ್ಸಿನ ಕಲ್ಲುಗಳೂ ನಮ್ಮ ಪೂರ್ವಿಕರ ಕೈಗಳೂ

ಸಂತ ಪೌಲರ ಹೆಜ್ಜೆಗಳನ್ನು ಅನುಸರಿಸಿ ಗ್ರೀಸಿಗೆ ತೆರಳುವ ಯಾತ್ರಾತಂಡಗಳು ಅಥೆನ್ಸ್ ನಗರಕ್ಕೆ ಸಾಮಾನ್ಯವಾಗಿ ಅರ್ಧ ದಿನವನ್ನಷ್ಟೇ ಮೀಸಲಿಡುತ್ತವೆ. ಕೊರಿಂಥದವರಿಗೆ, ಥೆಸಲೊನೀಕದವರಿಗೆ, ಫಿಲಿಪ್ಪಿಯವರಿಗೆ ಪೌಲರು ಪತ್ರ ಬರೆದರು. ಅಥೆನ್ಸಿನವರಿಗೆ ಬರೆದ ಪತ್ರವೊಂದು ಹೊಸ ಒಡಂಬಡಿಕೆಯಲ್ಲಿಲ್ಲ. ಬಹುಶಃ ಈ ಕಾರಣದಿಂದಲೇ ಬಸ್ಸು ಅಕ್ರೊಪೊಲಿಸ್ ಗುಡ್ಡದ ಬುಡದಲ್ಲಿ ನಿಲ್ಲುತ್ತದೆ, ನಲವತ್ತು ಮಂದಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮೇಲೇರುತ್ತಾರೆ, ಪಾರ್ಥೆನಾನ್ ಎದುರು ಫೋಟೋ ತೆಗೆಸಿಕೊಂಡು ಊಟದ ಹೊತ್ತಿಗೆ ಇಳಿದುಬಿಡುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಆ ಕಲ್ಲುಗಳಲ್ಲಿ ಕಥೋಲಿಕರಾದ ನಮಗೆ ಸಂಬಂಧಿಸಿದ ಸಂಗತಿಗಳೇ ಅವರ ಕಣ್ಣಿಗೆ ಬೀಳದೆ ಹೋಗುತ್ತವೆ.

ನಮ್ಮ ಧರ್ಮಕೇಂದ್ರದ ಕುಟುಂಬವೊಂದರೊಂದಿಗೆ ಅಲ್ಲಿಗೆ ಹೋಗುವ ಅವಕಾಶ ಒದಗಿದಾಗ, ತಂದೆ, ತಾಯಿ, ಕಾಲೇಜಿನಲ್ಲಿ ಓದುತ್ತಿರುವ ಮಗಳು ಹಾಗೂ ನಾನು, ಹೀಗೆ ನಾಲ್ವರೂ ಸೇರಿ ಒಂದು ದಿನದ ಮಟ್ಟಿಗೆ ನಮಗಾಗಿಯೇ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡೆವು. ಗ್ರೀಸಿನಲ್ಲಿ ಪುರಾತನ ಸ್ಥಳಗಳ ಒಳಗೆ ನಿಂತು ವಿವರಣೆ ನೀಡಲು ಸರ್ಕಾರದ ಪರವಾನಗಿ ಇರಬೇಕು. ಆ ಗುರುತಿನ ಚೀಟಿ ಕೊರಳಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಖಾಸಗಿ ಮಾರ್ಗದರ್ಶಿ ಎಂದೊಡನೆ ಅದು ಶ್ರೀಮಂತರ ಭೋಗವೆಂದು ಭಾವಿಸಬೇಕಿಲ್ಲ. ನಾಲ್ಕೈದು ಮಂದಿ ಹಂಚಿಕೊಂಡರೆ ವೆಚ್ಚ ಭಾರವೆನಿಸದು. (ಭೋಗವೇ ಬೇಕೆನ್ನುವವರಿಗಾಗಿ ಗ್ರೀಕ್ ಸರ್ಕಾರ 2024ರಲ್ಲಿ, ಜನಸಂದಣಿಯಿಲ್ಲದ ಹೊತ್ತಿನಲ್ಲಿ, ಐದು ಮಂದಿಯವರೆಗಿನ ಗುಂಪಿಗೆ 5,000 ಯೂರೋ ಶುಲ್ಕ ವಿಧಿಸಿ ಅಕ್ರೊಪೊಲಿಸನ್ನು ತೆರೆಯುವ ಯೋಜನೆಯನ್ನು ಆರಂಭಿಸಿತು. ಆ ಮಾತು ನಮಗೆ ಬೇಡ.) ಸಾಮಾನ್ಯ ಪ್ರವೇಶ ಶುಲ್ಕವೇ 2025ರ ಏಪ್ರಿಲಿನಿಂದ 30 ಯೂರೋಗಳಿಗೆ ಏರಿದೆ. ಒಳಹೋಗುವ ಗಂಟೆಯನ್ನೂ ಮುಂಚಿತವಾಗಿ ಗೊತ್ತುಪಡಿಸಿಕೊಳ್ಳಬೇಕು.

ನಮಗೆ ದೊರೆತವರು ಪುರಾತತ್ವಶಾಸ್ತ್ರ ಓದಿದ್ದ ಮಧ್ಯವಯಸ್ಸಿನ ಮಹಿಳೆ. ಹೊರಡುವ ಮುನ್ನವೇ ಅವರೊಂದು ಮಾತು ಹೇಳಿದರು: ‘ಇಲ್ಲಿ ಇರುವುದನ್ನು ಯಾರಾದರೂ ತೋರಿಸಿಯಾರು. ಇಲ್ಲಿದ್ದು ತೆಗೆದುಹಾಕಲ್ಪಟ್ಟದ್ದು ಯಾವುದೆಂದು ನನ್ನನ್ನು ಕೇಳಿ.’ ಆ ದಿನದ ನಮ್ಮ ಸುತ್ತಾಟಕ್ಕೆಲ್ಲ ಇದೇ ದಾರಿದೀಪವಾಯಿತು.

ಅವರು ನಮ್ಮನ್ನು ಮೊದಲು ಗುಡ್ಡಕ್ಕೆ ಕರೆದೊಯ್ಯಲಿಲ್ಲ, ಅದರ ಉತ್ತರಕ್ಕಿರುವ ಅಗೊರಾ ಎಂಬ ಹಳೆಯ ಪೇಟೆಬಯಲಿಗೆ ಕರೆದೊಯ್ದರು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ಯಾವ ಯಾಜಕನಿಗೂ ಇದು ಕೇವಲ ಬಯಲಲ್ಲ. ಸಾಕ್ರೆಟಿಸ್ ಜನರನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದುದು ಇಲ್ಲಿಯೇ. ಕ್ರಿಸ್ತಪೂರ್ವ 399ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಆತ ದೋಷಾರೋಪಣೆಯನ್ನು ಎದುರಿಸಲು ಬಂದದ್ದು ಇಲ್ಲಿಯ ರಾಜಮಂಟಪಕ್ಕೆ. ಅದರ ಅಡಿಪಾಯ ಪತ್ತೆಯಾದದ್ದು 1970ರಲ್ಲಿ. ಅದರ ಸಮೀಪದಲ್ಲೇ, ರೈಲುಹಳಿಯ ಆಚೆ ಬದಿಯಲ್ಲಿ, ಚಿತ್ರಮಂಟಪದ ಅವಶೇಷಗಳನ್ನು 1981ರಿಂದ ಅಗೆಯಲಾಗುತ್ತಿದೆ. ಗ್ರೀಕ್ ಭಾಷೆಯಲ್ಲಿ ಮಂಟಪಕ್ಕೆ ಸ್ಟೋವಾ ಎನ್ನುತ್ತಾರೆ. ಅದರ ನೆರಳಿನಲ್ಲಿ ಪಾಠ ಹೇಳಿದವರು ಸ್ಟೋಯಿಕರು. ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿ ಪೌಲರು ದಿನವೂ ಪೇಟೆಯಲ್ಲಿ ಎಪಿಕ್ಯೂರಿಯರೊಡನೆಯೂ ಸ್ಟೋಯಿಕರೊಡನೆಯೂ ಚರ್ಚಿಸಿದ ಸಂಗತಿಯನ್ನು ನಾವು ಓದುತ್ತೇವಲ್ಲ, ಆ ಪೇಟೆ ಇದೇ.

ಈ ಬಯಲು ಹೀಗೆ ಬಯಲಾಗಿ ಉಳಿದು ಬಂದದ್ದಲ್ಲ. 1931ರಲ್ಲಿ ಅಮೆರಿಕದ ವಿದ್ವಾಂಸರು ಉತ್ಖನನ ಆರಂಭಿಸುವ ಮುನ್ನ ಇಲ್ಲೊಂದು ಜನವಸತಿಯ ಬಡಾವಣೆಯೇ ಇತ್ತು. ಮನೆಗಳನ್ನು ಕೊಂಡು, ಕೆಡವಿ, ಕೆಳಗಿನದನ್ನು ಹೊರತೆಗೆದರು. ಸುಮಾರು 1000ದ ಇಸವಿಯಲ್ಲಿ ಕಟ್ಟಿದ ಪವಿತ್ರ ಪ್ರೇಷಿತರ ಪುಟ್ಟ ದೇವಾಲಯವೊಂದನ್ನು ಮಾತ್ರ ಉಳಿಸಿ 1950ರ ದಶಕದಲ್ಲಿ ಜೀರ್ಣೋದ್ಧಾರ ಮಾಡಿದರು. ಪಶ್ಚಿಮದ ದಿಬ್ಬದ ಮೇಲಿರುವ ಹೆಫೇಸ್ಟಸ್ ದೇವತೆಯ ಗುಡಿ ಇಷ್ಟೊಂದು ಸುಸ್ಥಿತಿಯಲ್ಲಿರಲು ಕಾರಣವೇನೆಂದು ನಮ್ಮ ಕುಟುಂಬದ ತಾಯಿ ಕೇಳಿದರು. ಅದು ಶತಮಾನಗಳ ಕಾಲ ಸಂತ ಜಾರ್ಜರ ದೇವಾಲಯವಾಗಿತ್ತು ಎಂಬುದೇ ಉತ್ತರ. ಬಳಸುತ್ತಿದ್ದ ಕಟ್ಟಡವನ್ನು ಯಾರೂ ಕಲ್ಲಿಗಾಗಿ ಕೆಡವಲಿಲ್ಲ.

ಅಲ್ಲಿಂದ ಅರಿಯೊಪಾಗಕ್ಕೆ ಏರಿದೆವು. ಅಕ್ರೊಪೊಲಿಸಿಗೆ ಹೊಂದಿಕೊಂಡ ಬೋಳು ಬಂಡೆಯದು. ಅಸಂಖ್ಯ ಪಾದಗಳು ಉಜ್ಜಿ ಗಾಜಿನಂತೆ ನುಣುಪಾಗಿರುವುದರಿಂದ ಹಿರಿಯರು ಪಕ್ಕದ ಕಬ್ಬಿಣದ ಮೆಟ್ಟಿಲುಗಳನ್ನೇ ಬಳಸುವುದು ಲೇಸು. ಬಂಡೆಯ ಬುಡದಲ್ಲಿ ಪೌಲರ ಭಾಷಣವನ್ನು ಗ್ರೀಕ್ ಮೂಲದಲ್ಲಿ ಕೆತ್ತಿದ ಕಂಚಿನ ಫಲಕವಿದೆ. ಅರಿಯೊಪಾಗ ಎಂಬುದು ಬಂಡೆಯ ಹೆಸರೂ ಹೌದು, ಇಲ್ಲಿ ಸೇರುತ್ತಿದ್ದ ನ್ಯಾಯಮಂಡಲಿಯ ಹೆಸರೂ ಹೌದು. ಪೌಲರು ಮಾತನಾಡಿದ್ದು ಈ ಬಂಡೆಯ ಮೇಲೋ, ಕೆಳಗೆ ಪೇಟೆಯಲ್ಲಿ ಸೇರಿದ್ದ ಆ ಮಂಡಲಿಯ ಮುಂದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವೆಂದು ಮಾರ್ಗದರ್ಶಿ ಮುಚ್ಚುಮರೆಯಿಲ್ಲದೆ ತಿಳಿಸಿದರು. ಯಾತ್ರಿಕರ ಭಕ್ತಿಗೆ ಭಂಗ ಬಂದೀತೆಂದು ಇದನ್ನು ನುಂಗಿಕೊಳ್ಳುವ ಮಾರ್ಗದರ್ಶಿಗಳಿಗಿಂತ ಇವರು ನನಗೆ ಹೆಚ್ಚು ಮೆಚ್ಚಿಗೆಯಾದರು.

ಪೌಲರು ಅಥೆನ್ಸಿನಲ್ಲಿ ಸೋತರು, ತತ್ವಜ್ಞಾನದ ಭಾಷೆಯನ್ನು ನಂಬಿ ಕೆಟ್ಟರು ಎಂದು ನಮ್ಮ ಪ್ರಬೋಧನೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಾನು ಒಪ್ಪಲಾರೆ. ಅವರು ನಗರವನ್ನು ಸುತ್ತಿ, ಅಲ್ಲಿಯ ಪೂಜಾಸ್ಥಾನಗಳನ್ನು ಕಣ್ಣಾರೆ ನೋಡಿ, ತಿಳಿಯದ ದೇವರಿಗೆ ಅರ್ಪಿತವಾದ ಒಂದು ಬಲಿಪೀಠವನ್ನು ಗುರುತಿಸಿ, ಅಲ್ಲಿಂದಲೇ ಮಾತು ಆರಂಭಿಸಿದರು. ಕೇಳುಗರ ಕವಿಯನ್ನೇ ಸಾಕ್ಷಿಗೆ ಕರೆದರು. ಆ ಕವಿ ಅರಾಟಸ್, ಪೌಲರಂತೆಯೇ ಕಿಲಿಕ್ಯ ಸೀಮೆಯವನು. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆಂದರು, ನ್ಯಾಯಮಂಡಲಿಯ ಸದಸ್ಯನಾದ ದಿಯೊನಿಸಿಯನೂ ದಾಮರಿ ಎಂಬ ಮಹಿಳೆಯೂ ಇನ್ನೂ ಕೆಲವರೂ ವಿಶ್ವಾಸಿಗಳಾದರು. ಐದು ಶತಮಾನಗಳ ಆಚೆಗೆ ಅಜ್ಞಾತ ಲೇಖಕನೊಬ್ಬ ಇದೇ ದಿಯೊನಿಸಿಯನ ಹೆಸರಿನಲ್ಲಿ ಬರೆದ ಗ್ರಂಥಗಳನ್ನು ಸಂತ ಥಾಮಸ್ ಅಕ್ವಿನಾಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಇದನ್ನು ಸೋಲೆನ್ನುವುದಾದರೆ, ಯಾವ ಧರ್ಮಕೇಂದ್ರದ ಗುರುವೂ ಇಂಥ ಸೋಲಿಗೆ ಹಾತೊರೆದಾನು.

ಅಕ್ರೊಪೊಲಿಸಿನ ಹೆಬ್ಬಾಗಿಲಲ್ಲಿ ನಿಂತಾಗ ಮಾರ್ಗದರ್ಶಿ ಒಂದು ಹಳೆಯ ಛಾಯಾಚಿತ್ರವನ್ನು ಚೀಲದಿಂದ ತೆಗೆದರು. ಅದರಲ್ಲಿ ಹೆಬ್ಬಾಗಿಲಿನ ಪಕ್ಕದಲ್ಲೇ ಎತ್ತರದ ಚೌಕ ಗೋಪುರವೊಂದಿತ್ತು. ಈಗ ಅಲ್ಲಿ ಏನೂ ಇಲ್ಲ. ಅದು ಮಧ್ಯಯುಗದಲ್ಲಿ ಅಥೆನ್ಸನ್ನು ಆಳಿದ ಲ್ಯಾಟಿನರು, ಎಂದರೆ ಪಶ್ಚಿಮ ಯೂರೋಪಿನ ಕಥೋಲಿಕರು, ಕಟ್ಟಿಸಿದ್ದೆಂದು ನಂಬಲಾದ ಗೋಪುರ. 1870ರ ದಶಕದಲ್ಲಿ ಅದನ್ನು ಕೆಡವಲಾಯಿತು. ಖರ್ಚು ಕೊಟ್ಟವನು ಟ್ರಾಯ್ ನಗರವನ್ನು ಅಗೆದು ಪ್ರಸಿದ್ಧನಾದ ಹೈನ್ರಿಖ್ ಶ್ಲೀಮನ್. ಸ್ವತಂತ್ರ ಗ್ರೀಸಿಗೆ ತನ್ನ ಗುಡ್ಡದ ಮೇಲೆ ಪೆರಿಕ್ಲಿಸನ ಕಾಲವೊಂದೇ ಸಾಕೆನಿಸಿತ್ತು. 1834ರಲ್ಲಿ ರಾಜ ಓಟೋನ ಸಮ್ಮುಖದಲ್ಲಿ ಜರ್ಮನ್ ವಾಸ್ತುಶಿಲ್ಪಿ ಲಿಯೊ ಫಾನ್ ಕ್ಲೆನ್ಸೆ ಈ ಶುದ್ಧೀಕರಣಕ್ಕೆ ಚಾಲನೆ ನೀಡಿದ್ದ.

ಪಾರ್ಥೆನಾನನ್ನು ಕಂಡು ನಮ್ಮ ಕುಟುಂಬದ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಅವರು ಕಟ್ಟಡದ ಗುತ್ತಿಗೆದಾರರು. ಕಡೆಗೆ ‘ಗಾರೆ ಏನು ಹಾಕಿದ್ದಾರೆ?’ ಎಂದರು. ಗಾರೆಯೇ ಇಲ್ಲ. ಅಮೃತಶಿಲೆಯ ದಿಮ್ಮಿಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದು, ಕೊಂಡಿಗೆ ತುಕ್ಕು ಹಿಡಿಯದಂತೆ ಸೀಸ ಎರೆದಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿದ ಎಂಜಿನಿಯರ್ ಬಲಾನೋಸ್ ಸೀಸವಿಲ್ಲದ ಕಬ್ಬಿಣ ಬಳಸಿದ. ಅದು ತುಕ್ಕು ಹಿಡಿದು ಉಬ್ಬಿ ಶಿಲೆಯನ್ನೇ ಸೀಳಿತು. ಈಗ ಅವನ್ನೆಲ್ಲ ಕಿತ್ತು ಟೈಟಾನಿಯಂ ಸರಳುಗಳನ್ನು ಕೂರಿಸುತ್ತಿದ್ದಾರೆ. ಕಂಬಗಳು ನಿಂತಿರುವ ನೆಲಗಟ್ಟು ಸಮತಟ್ಟಲ್ಲ. ಉದ್ದದ ಬದಿಯಲ್ಲಿ ನಡುಭಾಗ ಸುಮಾರು 11 ಸೆಂಟಿಮೀಟರ್ ಉಬ್ಬಿದೆ. ಬೇಕೆಂದೇ ಹಾಗೆ ಕಟ್ಟಿದ್ದು. ಬಸ್ಸಿನ ತಂಡಕ್ಕೆ ಇದನ್ನೆಲ್ಲ ಕೇಳಲು ಸಮಯವೆಲ್ಲಿ?

ಕ್ರಿಸ್ತಪೂರ್ವ 447ರಿಂದ 432ರವರೆಗೆ ನಿರ್ಮಾಣಗೊಂಡ ಈ ಗುಡಿ ಸುಮಾರು 6ನೆಯ ಶತಮಾನದಲ್ಲಿ ಮಾತೆ ಮರಿಯಮ್ಮನವರ ದೇವಾಲಯವಾಯಿತು. ಪೂರ್ವಕ್ಕಿದ್ದ ಬಾಗಿಲ ಕಡೆ ಬಲಿಪೀಠವನ್ನಿರಿಸಿ ಪಶ್ಚಿಮದಿಂದ ಪ್ರವೇಶಿಸುವಂತೆ ಮಾಡಿದರು. ಸುಮಾರು ಒಂಬತ್ತು ಶತಮಾನ, ಅಂದರೆ ಹೆಚ್ಚುಕಡಿಮೆ ಅಥೇನಾ ದೇವತೆಯ ಗುಡಿಯಾಗಿದ್ದಷ್ಟೇ ಕಾಲ, ಇಲ್ಲಿ ಕ್ರೈಸ್ತರು ಪ್ರಾರ್ಥಿಸಿದರು. 1018ರಲ್ಲಿ ಚಕ್ರವರ್ತಿ ಎರಡನೆಯ ಬೆಸಿಲ್ ತನ್ನ ವಿಜಯಕ್ಕಾಗಿ ದೇವಮಾತೆಗೆ ವಂದನೆ ಸಲ್ಲಿಸಲು ಇಲ್ಲಿಗೆ ಬಂದಿದ್ದ. ಕಂಬಗಳ ಮೇಲೆ ಭಕ್ತರು ಗೀಚಿದ ಇನ್ನೂರಕ್ಕೂ ಹೆಚ್ಚು ಬರಹಗಳು ದಾಖಲಾಗಿವೆ. ತರುವಾಯ ಅದು ತುರ್ಕರ ಮಸೀದಿಯಾಯಿತು, ಅವರ ಮದ್ದಿನ ಉಗ್ರಾಣವೂ ಆಯಿತು. 1687ರ ಸೆಪ್ಟೆಂಬರ್ 26ರಂದು ವೆನಿಸಿನ ಸೈನ್ಯ ಹಾರಿಸಿದ ಗುಂಡು ಬಿದ್ದು ಸ್ಫೋಟಿಸಿತು. ಇಂದು ನಾವು ನೋಡುವ ಹಾಳು ಬಹುಮಟ್ಟಿಗೆ ಆ ಒಂದು ದಿನದ ಫಲ.

ಆದರೆ ಎಲ್ಲ ಹಾನಿಯೂ ಗುಂಡಿನದಲ್ಲ. ಮೇಲ್ಭಾಗದ ಉಬ್ಬುಶಿಲ್ಪದ ಫಲಕಗಳಲ್ಲಿ ಮೂರು ದಿಕ್ಕಿನವು ಉಳಿಯಿಂದ ಕೆತ್ತಿಹಾಕಿದಂತೆ ವಿರೂಪಗೊಂಡಿವೆ. ‘ಸ್ವಾಮಿ, ಇದನ್ನು ಒಡೆದವರು ನಾವೇನಾ?’ ಎಂದು ಮಗಳು ನನ್ನನ್ನು ಕೇಳಿದಳು. ತಾಯಿ ಅವಳ ತೋಳು ಹಿಡಿದು ಸುಮ್ಮನಿರಿಸಲು ನೋಡಿದರು. ಹೌದು, ಕ್ರೈಸ್ತರೇ, ವಿಗ್ರಹಗಳೆಂದು ಒಡೆದರು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ ಎಂದೆ. ಮಾರ್ಗದರ್ಶಿ ನಮ್ಮನ್ನು ಕೆಳಗಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಉತ್ತರ ಬದಿಯ ಒಂದು ಫಲಕದ ಮುಂದೆ ನಿಲ್ಲಿಸಿದರು. ಅದರಲ್ಲಿ ಕುಳಿತ ಮಹಿಳೆಯೊಬ್ಬಳ ಎದುರು ಇನ್ನೊಬ್ಬಳು ನಿಂತಿದ್ದಾಳೆ. ಇಬ್ಬರು ದೇವತೆಗಳ ಶಿಲ್ಪವಾದರೂ ಉಳಿ ಇದನ್ನು ಮುಟ್ಟಿಲ್ಲ. ಗಬ್ರಿಯೇಲ ದೂತನು ಮರಿಯಳಿಗೆ ಶುಭವಾರ್ತೆ ತಿಳಿಸುವ ದೃಶ್ಯವೆಂದು ಅಂದಿನವರು ಭಾವಿಸಿದ್ದೇ ಕಾರಣವಿರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ‘ಒಡೆದವರೂ ನಿಮ್ಮವರೇ, ದೇವಾಲಯ ಮಾಡಿಕೊಂಡು ಕಟ್ಟಡವನ್ನು ಸಾವಿರ ವರ್ಷ ನಿಲ್ಲಿಸಿದವರೂ ನಿಮ್ಮವರೇ’ ಎಂದರು ಮಾರ್ಗದರ್ಶಿ. ಇದೇ ಸಂಗ್ರಹಾಲಯ 2009ರಲ್ಲಿ ತೆರೆದಾಗ, ಕಪ್ಪುಬಟ್ಟೆಯವರು ಶಿಲ್ಪಗಳನ್ನು ಒಡೆಯುವ ದೃಶ್ಯವಿದ್ದ ಚಲನಚಿತ್ರದ ತುಣುಕನ್ನು ಧರ್ಮಸಭೆಯ ಆಕ್ಷೇಪದ ಮೇರೆಗೆ ಕತ್ತರಿಸಿ, ಬಳಿಕ ಜನರ ವಿರೋಧಕ್ಕೆ ಮಣಿದು ಮತ್ತೆ ಸೇರಿಸಿದ ಪ್ರಸಂಗವನ್ನೂ ಅವರು ಹೇಳಿದರು. ಹುಡುಗಿಗೆ ಇದು ನನ್ನ ಉತ್ತರಕ್ಕಿಂತ ಹೆಚ್ಚು ರುಚಿಸಿತು.

ನಮ್ಮ ಮನೆಗಳಲ್ಲಿ ಎಂದೂ ಮಾತಿಗೆ ಬಾರದ ಇನ್ನೊಂದು ಸಂಗತಿಯಿದೆ. 1204ರಲ್ಲಿ ನಾಲ್ಕನೆಯ ಧರ್ಮಯುದ್ಧದ ಸೈನ್ಯ ಕ್ರೈಸ್ತ ನಗರವೇ ಆದ ಕಾನ್‌ಸ್ಟಾಂಟಿನೋಪಲನ್ನು ಕೊಳ್ಳೆಹೊಡೆಯಿತು. ಅದರ ಹಿಂದೆಯೇ ಅಥೆನ್ಸೂ ಲ್ಯಾಟಿನರ ವಶವಾಯಿತು. ಪಾರ್ಥೆನಾನಿನ ಆರ್ಥಡಾಕ್ಸ್ ಮಹಾಧರ್ಮಾಧ್ಯಕ್ಷ ಮೈಕೆಲ್ ಕೋನಿಯಾಟಿಸ್ ವಿದ್ವಾಂಸ, ಗ್ರಂಥಪ್ರೇಮಿ. ಆತ ಪೀಠ ತೊರೆದು ಕಿಯಾ ದ್ವೀಪದಲ್ಲಿ ದೇಶಭ್ರಷ್ಟನಾಗಿ ಬದುಕಬೇಕಾಯಿತು. ಆ ಪೀಠದಲ್ಲಿ ಕಥೋಲಿಕ ಮಹಾಧರ್ಮಾಧ್ಯಕ್ಷರು ಕುಳಿತರು. ಸುಮಾರು ಎರಡೂವರೆ ಶತಮಾನ ಪಾರ್ಥೆನಾನ್ ನಮ್ಮ ಪ್ರಧಾನಾಲಯವಾಗಿತ್ತು. ಹೆಮ್ಮೆಪಡಲು ಹೊರಟವರು ಅದು ಹೇಗೆ ನಮ್ಮದಾಯಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ. ಗ್ರೀಕರು ಮರೆತಿರಲಿಲ್ಲ. 2001ರ ಮೇ 4ರಂದು ಜಗದ್ಗುರು ಎರಡನೆಯ ಜಾನ್ ಪಾಲರು, 1054ರ ಒಡಕಿನ ನಂತರ ಗ್ರೀಸಿಗೆ ಬಂದ ಮೊದಲ ಜಗದ್ಗುರುವಾಗಿ, ಅಥೆನ್ಸಿನಲ್ಲಿ ಇಳಿದಾಗ ಪ್ರತಿಭಟನೆಗಳು ನಡೆದಿದ್ದವು. ಅವರು ಮಹಾಧರ್ಮಾಧ್ಯಕ್ಷ ಕ್ರಿಸ್ಟೊಡೂಲೋಸರ ಎದುರು, ಕಥೋಲಿಕರು ಆರ್ಥಡಾಕ್ಸ್ ಸೋದರರಿಗೆ ಎಸಗಿದ ಅಪರಾಧಗಳಿಗಾಗಿ, ಕಾನ್‌ಸ್ಟಾಂಟಿನೋಪಲಿನ ಲೂಟಿಯನ್ನು ಹೆಸರಿಸಿಯೇ, ದೇವರ ಕ್ಷಮೆ ಬೇಡಿದರು. ಅಂದೇ ಇಬ್ಬರೂ ಅರಿಯೊಪಾಗದ ಬಳಿ ನಿಂತು ಜಂಟಿ ಘೋಷಣೆಯನ್ನು ಹೊರಡಿಸಿದರು.

ಸಂಗ್ರಹಾಲಯದ ಮೇಲಂತಸ್ತಿನಲ್ಲಿ ಪಾರ್ಥೆನಾನಿನ ಶಿಲ್ಪಸಾಲನ್ನು ಮೂಲದ ಅಳತೆಯಲ್ಲೇ ಜೋಡಿಸಿದ್ದಾರೆ. ಜೇನುಬಣ್ಣದವು ಮೂಲಶಿಲೆಗಳು, ಬಿಳಿಯವು ಗಾರೆಯ ಅಚ್ಚುಗಳು. ಅಚ್ಚುಗಳ ಮೂಲಗಳಲ್ಲಿ ಹೆಚ್ಚಿನವು, 19ನೆಯ ಶತಮಾನದ ಆರಂಭದಲ್ಲಿ ಎಲ್ಗಿನ್ ಪ್ರಭು ಸಾಗಿಸಿದವು, ಲಂಡನ್ನಿನಲ್ಲಿವೆ. ಮೂರು ತುಣುಕುಗಳು ಬೇರೆ ದಾರಿಯಲ್ಲಿ ಮನೆ ಸೇರಿವೆ: ಒಂದು ಕುದುರೆಯ ತಲೆ, ಒಬ್ಬ ಬಾಲಕನ ತಲೆ, ಗಡ್ಡದ ಪುರುಷನೊಬ್ಬನ ತಲೆ. ಇವು ವ್ಯಾಟಿಕನ್ನಿನ ಸಂಗ್ರಹದಲ್ಲಿದ್ದವು. ಜಗದ್ಗುರು ಫ್ರಾನ್ಸಿಸರು ಅವನ್ನು ಅಥೆನ್ಸಿನ ಆರ್ಥಡಾಕ್ಸ್ ಮಹಾಧರ್ಮಾಧ್ಯಕ್ಷರಿಗೆ ಕಾಣಿಕೆಯಾಗಿ ಕೊಟ್ಟರು. 2023ರ ಮಾರ್ಚಿನಲ್ಲಿ ಅವು ಇಲ್ಲಿಗೆ ಬಂದವು. ಸಾಮಾನ್ಯ ಪ್ರವಾಸಿ ಇವನ್ನು ದಾಟಿಹೋಗುತ್ತಾನೆ. ಕೇಳಿ ನೋಡಬೇಕು.

ಮಾರ್ಗದರ್ಶಿಗಳ ಕೆಲಸ ಬಹುತೇಕ ಇಲ್ಲಿಗೇ ಮುಗಿಯುತ್ತದೆ. ನಾವು ಇನ್ನೊಂದು ಗಂಟೆ ಬೇಡಿಕೊಂಡು ಪನೆಪಿಸ್ಟಿಮಿಯೂ ಬೀದಿಗೆ ಹೋದೆವು. ಅಲ್ಲಿ 1865ರಲ್ಲಿ ತೆರೆದ ಕಥೋಲಿಕ ಪ್ರಧಾನಾಲಯವಿದೆ. ಅದರ ಪಾಲಕ ಸಂತರು ಅರಿಯೊಪಾಗದ ಅದೇ ದಿಯೊನಿಸಿಯ. ಅದರ ಮೂಲನಕ್ಷೆ ಬರೆದವನು, ಅಕ್ರೊಪೊಲಿಸಿನ ಶುದ್ಧೀಕರಣಕ್ಕೆ ಚಾಲನೆ ನೀಡಿದ ಅದೇ ಕ್ಲೆನ್ಸೆ. ಕೆಲವೇ ಹೆಜ್ಜೆಗಳಾಚೆ, ಲ್ಯಾಟಿನರ ಗೋಪುರ ಕೆಡವಲು ಹಣ ಕೊಟ್ಟ ಶ್ಲೀಮನ್ನನ ಬಂಗಲೆಯಿದೆ. ಈಗ ಅದು ನಾಣ್ಯಗಳ ಸಂಗ್ರಹಾಲಯ. ಪ್ರಧಾನಾಲಯದ ಪೀಠಗಳಲ್ಲಿ ನಮ್ಮೊಡನೆ ಕುಳಿತಿದ್ದವರಲ್ಲಿ ಗ್ರೀಕರಿಗಿಂತ ಪೋಲೆಂಡಿನಿಂದ, ಫಿಲಿಪೀನ್ಸಿನಿಂದ ದುಡಿಯಲು ಬಂದವರೇ ಹೆಚ್ಚು. ಆರ್ಥಡಾಕ್ಸ್ ಸಭೆಯವರಾದ ನಮ್ಮ ಮಾರ್ಗದರ್ಶಿ ಬಾಗಿಲ ಬಳಿ ಕ್ಷಣಕಾಲ ನಿಂತು, ತಮ್ಮ ಪದ್ಧತಿಯಂತೆ ಬಲದಿಂದ ಎಡಕ್ಕೆ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಬಂದರು.