ಇಸಿಜಿ ನಾರ್ಮಲ್ ಬಂದ ಮೇಲೆ

ಆಂಧ್ರ-ಕರ್ನಾಟಕ ಗಡಿಯ ಚಿಲಮತ್ತೂರಿನಂಥ ಊರಿನಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಎದೆ ಢವಢವ ಹೊಡೆದುಕೊಂಡು, ಉಸಿರು ಕಟ್ಟಿ, ಕೈಕಾಲು ಜೋಮು ಹಿಡಿದು, ಇನ್ನೇನು ಜೀವ ಹೋಯಿತು ಅನ್ನಿಸಿದರೆ ಮನೆಯವರು ಹಿಡಿಯುವ ದಾರಿ ಗೊತ್ತಿರುವಂಥದ್ದೇ. ಮೊದಲು ಊರಿನ ಆರ್‌ಎಂಪಿ ವೈದ್ಯ, ಆಮೇಲೆ ಹಿಂದೂಪುರ ಇಲ್ಲವೇ ಬಾಗೇಪಲ್ಲಿ, ಕೈಯಲ್ಲಿ ಕಾಸಿದ್ದರೆ ಬೆಂಗಳೂರು. ಇಸಿಜಿ ತೆಗೆಸಿದರೆ ನಾರ್ಮಲ್. ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು, ‘ಏನೂ ಇಲ್ಲ, ಧೈರ್ಯವಾಗಿರಿ’ ಎಂಬ ಮಾತು ಕೇಳಿಸಿಕೊಂಡು ಮನೆಗೆ ಬರುತ್ತಾರೆ. ನನ್ನ ತಕರಾರು ಈ ಮಾತಿನ ಮೇಲೆ. ಹೃದಯಕ್ಕೆ ಏನೂ ಆಗಿಲ್ಲ ಎಂಬುದು ನಿಜವಿರಬಹುದು; ಮನುಷ್ಯನಿಗೆ ಏನೂ ಆಗಿಲ್ಲ ಎಂಬುದು ಮಾತ್ರ ನಿಜವಲ್ಲ. ಚಿಕಿತ್ಸೆ ಶುರುವಾಗಬೇಕಾದ ಜಾಗದಲ್ಲೇ ನಾವು ಅದನ್ನು ಮುಗಿಸುತ್ತಿದ್ದೇವೆ.

ಹೃದಯ ಸರಿಯಿದ್ದೂ ಹೀಗೆ ಎದೆ ಹೊಡೆದುಕೊಂಡು ಉಸಿರು ಕಟ್ಟುವುದನ್ನು ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅಪಾಯ ಎದುರಾದಾಗ ಓಡಲು ಇಲ್ಲವೇ ಹೋರಾಡಲು ದೇಹವನ್ನು ಸಜ್ಜುಗೊಳಿಸುವ ವ್ಯವಸ್ಥೆ ಎಲ್ಲರಲ್ಲೂ ಇದೆ. ಕಳ್ಳನೇ ಇಲ್ಲದೆ ಬೊಗಳುವ ಕಾವಲುನಾಯಿಯಂತೆ ಅದು ಕಾರಣವಿಲ್ಲದೆ ಎಚ್ಚೆತ್ತಾಗ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಉಸಿರು ವೇಗವಾಗುತ್ತದೆ. ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುವುದರಿಂದಲೇ ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು. ಆ ಲಕ್ಷಣಗಳನ್ನು ಸಾವಿನ ಸೂಚನೆ ಎಂದು ಓದಿಕೊಂಡರೆ ಭಯ ಇಮ್ಮಡಿಸುತ್ತದೆ, ಭಯ ಲಕ್ಷಣಗಳನ್ನು ಇಮ್ಮಡಿಸುತ್ತದೆ. 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಈ ಸುಳಿಯನ್ನು ವಿವರಿಸಿದರು. ಇವತ್ತಿನ ಮಾತಿನ ಚಿಕಿತ್ಸೆ ಬಹುಮಟ್ಟಿಗೆ ಇದನ್ನು ಬಿಡಿಸುವ ಕೆಲಸವೇ. ಸಾಮಾನ್ಯವಾಗಿ ಅಟ್ಯಾಕ್ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದು ನೆರವಾಗುತ್ತದೆ. ಆದರೆ ನಿಜವಾದ ನಷ್ಟ ಅಟ್ಯಾಕಿನದ್ದಲ್ಲ, ಆಮೇಲಿನದ್ದು. ಬಸ್ಸಿನಲ್ಲಿ ಬಂದಿತ್ತೆಂದು ಬಸ್ಸು ಬಿಡುವುದು, ಸಂತೆಯಲ್ಲಿ ಬಂದಿತ್ತೆಂದು ಸಂತೆ ಬಿಡುವುದು, ಕೊನೆಗೆ ಒಬ್ಬರೇ ಹೊಸ್ತಿಲು ದಾಟದಿರುವುದು. ‘ಧೈರ್ಯವಾಗಿರಿ’ ಎಂದವರು ಇದನ್ನು ನೋಡುವುದಿಲ್ಲ.

ನಿಜಕ್ಕೂ ಹೃದಯಾಘಾತವೇ ಆಗಿದ್ದರೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಮೊದಲ ಸಲ ಹೀಗಾದಾಗ, ಅದರಲ್ಲೂ ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಬಿಪಿ ಇರುವವರಿಗೆ, ನೋವು ತೋಳಿಗೋ ದವಡೆಗೋ ಹರಿದಾಗ, ಆಸ್ಪತ್ರೆಗೆ ಓಡುವುದೇ ಸರಿ. ಥೈರಾಯ್ಡ್, ರಕ್ತಹೀನತೆಗಳನ್ನೂ ಪರೀಕ್ಷಿಸಬೇಕು. ಆದರೆ ಪರೀಕ್ಷೆಗಳೆಲ್ಲ ಸರಿಯಿದ್ದೂ ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಐದನೇ ಇಸಿಜಿಗೆ ಕೊಡುವ ದುಡ್ಡು ದಂಡ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಅನಂತಪುರ ಸೀಮೆಯಲ್ಲಿ ಶೇಂಗಾ ಒಣಗಿ, ಬೋರ್‌ವೆಲ್ ಬತ್ತಿ, ಸಾಲ ಏರಿದಾಗ ಆತಂಕವಾಗದೆ ಇನ್ನೇನಾಗುತ್ತದೆ, ಮಾತ್ರೆಯಿಂದ ಮಳೆ ಬರುತ್ತದೆಯೇ? ಬರುವುದಿಲ್ಲ. ಆದರೆ ಬ್ಯಾಂಕಿಗೂ ಮಾರುಕಟ್ಟೆಗೂ ಹೋಗಲಾರದಷ್ಟು ಭಯಪಟ್ಟವರ ಸಾಲ ತೀರುವುದು ಇನ್ನೂ ಕಷ್ಟ. ಕಷ್ಟಕ್ಕೆ ಕಾರಣವಿದೆ ಎಂಬುದು ಕಾಯಿಲೆಗೆ ಮದ್ದು ಬೇಡ ಎನ್ನಲು ಕಾರಣವಾಗದು. ತಾಯತ, ಹರಕೆಗಳ ಬಗ್ಗೆ ನನಗೆ ಜಗಳವಿಲ್ಲ, ಅವು ವೈದ್ಯರ ದಾರಿಗೆ ಅಡ್ಡ ಬರದಿದ್ದರೆ ಸಾಕು.

ಮಾತ್ರೆ ಒಮ್ಮೆ ಹಿಡಿದರೆ ಬಿಡಲಾಗದು ಎಂಬ ಅಂಜಿಕೆಯಲ್ಲಿ ಅರ್ಧ ಸತ್ಯವಿದೆ. ಅಲ್ಪ್ರಾಜೊಲಾಮ್‌ನಂಥ ನಿದ್ದೆ ಬರಿಸುವ ಗುಳಿಗೆಗಳು ಅಭ್ಯಾಸವಾಗಿ ಅಂಟಿಕೊಳ್ಳುತ್ತವೆ. ಅವನ್ನು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಳ್ಳುವುದು ತಪ್ಪು. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಮುಂತಾದವು ಬೇರೆ ಬಗೆಯವು. ಇವುಗಳ ಗುಣ ಕಾಣಲು ಕೆಲವು ವಾರ ಬೇಕು, ಬಿಡುವಾಗ ವೈದ್ಯರ ಸಲಹೆಯಂತೆ ಪ್ರಮಾಣ ಇಳಿಸುತ್ತ ಬಿಡಬೇಕು, ಅಷ್ಟೇ. ಇಷ್ಟಿದ್ದೂ ಚಿಕಿತ್ಸೆಗೆ ಬರುವವರು ಕಡಿಮೆ. ಬೆಂಗಳೂರಿನ ಮನೋರೋಗ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋರೋಗಗಳಿದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೊಡ್ಡಾಸ್ಪತ್ರೆ ಬೆಂಗಳೂರಿನಲ್ಲಿದೆ ಎಂಬುದೊಂದೇ ಇದಕ್ಕೆ ಕಾರಣವಾಗಿರಲಾರದು. 1980ರ ದಶಕದಲ್ಲೇ ನಿಮ್ಹಾನ್ಸ್, ಅನಂತಪುರ ಜಿಲ್ಲೆಗೆ ಅಂಟಿಕೊಂಡ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗಗಳನ್ನು ಹಳ್ಳಿಯಲ್ಲೇ ಗುರುತಿಸಿ ಮದ್ದು ಕೊಡಬಹುದು ಎಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಆದರೆ ಅಲ್ಲಿ ಮೊದಲ ಒತ್ತು ತೀವ್ರ ಮನೋರೋಗ ಮತ್ತು ಮೂರ್ಛೆರೋಗಕ್ಕೆ ಇತ್ತು. ಎದೆ ಹಿಡಿದುಕೊಂಡು ಬರುವ ಆತಂಕದ ರೋಗಿ ಇಂದಿಗೂ ಹಿಂದಿನ ಸಾಲಿನಲ್ಲೇ ಕೂತಿದ್ದಾನೆ.

ಆದ್ದರಿಂದ ಇಸಿಜಿ ನಾರ್ಮಲ್ ಎಂದ ವೈದ್ಯರನ್ನೇ ‘ಹಾಗಾದರೆ ಇದು ಆತಂಕದ ಕಾಯಿಲೆಯೇ, ಯಾರಿಗೆ ತೋರಿಸಲಿ’ ಎಂದು ಕೇಳಿ. ಕೇಳಲು ಸಂಕೋಚವಾದರೆ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು.