ಹೊಗೆಯ ಗ್ಯಾಲರಿಯಲ್ಲಿ ತಯಾರಾಗುವ ರಕ್ಷಕರು

ಗಣಿ ರಕ್ಷಣಾ ಕೇಂದ್ರಗಳಲ್ಲಿ ‘ಗ್ಯಾಲರಿ’ ಎಂಬ ಒಂದು ಕಟ್ಟಡವಿರುತ್ತದೆ. ಒಳಗೆ ಸುರಂಗದಂಥ ಇಕ್ಕಟ್ಟಿನ ದಾರಿ, ತೆವಳಿಕೊಂಡೇ ದಾಟಬೇಕಾದ ಕಿಂಡಿ, ಏಣಿ. ತರಬೇತಿಯ ದಿನ ಅದಕ್ಕೆ ಹೊಗೆ ತುಂಬಿಸಿ, ಬಿಸಿಯನ್ನೂ ತೇವವನ್ನೂ ಏರಿಸುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಹೊಕ್ಕು ಬಂದವರಿಗೆ ಆ ಸೆಕೆಯ ಅಂದಾಜು ಸಿಕ್ಕೀತು. ಉಸಿರಾಟದ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡ ಐದಾರು ಜನ ಅದರೊಳಕ್ಕೆ ಒಂದೇ ಸಾಲಿನಲ್ಲಿ ಹೋಗುತ್ತಾರೆ. ಎಲ್ಲೋ ಬಿದ್ದಿರುವ ಗೊಂಬೆಯೊಂದನ್ನು ಹುಡುಕಿ, ಸ್ಟ್ರೆಚರ್ ಮೇಲೆ ಹೊರಗೆ ತರುವುದು ಅವರ ಕೆಲಸ.

ನಮ್ಮ ಜಿಲ್ಲೆಯಲ್ಲಿ ನೆಲದಾಳದ ಗಣಿ ಇಲ್ಲ. ಆದರೂ ಈ ವಿದ್ಯೆ ನಮಗೆ ತೀರಾ ದೂರದ್ದಲ್ಲ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ ದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆಯುತ್ತಿತ್ತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಕೆಜಿಎಫ್ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನಕ್ಕಾಗಿ ಕಾರ್ಮಿಕರು ನೆಲದಾಳಕ್ಕೆ ಇಳಿಯುತ್ತಾರೆ. ಇಂಥ ಗಣಿಗಳಿಗಾಗಿಯೇ 1985ರ ಗಣಿ ರಕ್ಷಣಾ ನಿಯಮಗಳಿವೆ. ರಕ್ಷಕರು ಹೊರಗಿನವರಲ್ಲ, ಅದೇ ಗಣಿಯಲ್ಲಿ ದುಡಿಯುವವರು. ಪ್ರಥಮ ಚಿಕಿತ್ಸೆ ಕಲಿತು, ವೈದ್ಯಕೀಯ ತಪಾಸಣೆಯಲ್ಲಿ ಗೆದ್ದು ತಂಡ ಸೇರುತ್ತಾರೆ. ಒಮ್ಮೆ ಕಲಿತರೆ ಮುಗಿಯಲಿಲ್ಲ, ಅಭ್ಯಾಸ ಮತ್ತೆ ಮತ್ತೆ ಆಗುತ್ತಲೇ ಇರಬೇಕು.

ಅವರು ತೊಡುವ ಯಂತ್ರ ಹೊರಗಿನ ಗಾಳಿಯನ್ನು ಮುಟ್ಟುವುದೇ ಇಲ್ಲ. ಬಿಟ್ಟ ಉಸಿರು ಒಂದು ಡಬ್ಬಿಯ ರಾಸಾಯನಿಕದ ಮೂಲಕ ಹಾಯುತ್ತದೆ, ಇಂಗಾಲದ ಡೈಆಕ್ಸೈಡ್ ಅಲ್ಲಿ ಉಳಿಯುತ್ತದೆ. ಸಣ್ಣ ಸಿಲಿಂಡರಿನಿಂದ ಆಮ್ಲಜನಕ ಸೇರಿ ಅದೇ ಉಸಿರು ಮಾಸ್ಕಿಗೆ ಮರಳುತ್ತದೆ. ಈ ಸುತ್ತಾಟದಲ್ಲಿ ಗಾಳಿ ಕಾಯುವುದರಿಂದ ಅದನ್ನು ತಂಪು ಮಾಡಲು ಇಂದಿನ ಯಂತ್ರಗಳಲ್ಲಿ ಮಂಜುಗಡ್ಡೆ ಇಡುವುದುಂಟು. ಸುಮಾರು 15 ಕೆ.ಜಿ. ತೂಕದ ಇಂಥ ಯಂತ್ರ ನಾಲ್ಕು ಗಂಟೆಯವರೆಗೆ ಉಸಿರು ಕೊಡುತ್ತದೆ.

ಆ ನಾಲ್ಕು ಗಂಟೆಯ ಲೆಕ್ಕವೇ ಈ ತರಬೇತಿಯ ಜೀವಾಳ. ಹೊಗೆಯಿಲ್ಲದ ಜಾಗದಲ್ಲಿ ತಂಡ ಮೊದಲು ಒಂದು ನೆಲೆ ಮಾಡಿಕೊಳ್ಳುತ್ತದೆ, ಇನ್ನೊಂದು ತಂಡ ಅಲ್ಲಿ ಸಜ್ಜಾಗಿ ಕಾಯುತ್ತದೆ. ಒಳಗೆ ಹೋದ ಮೇಲೆ ಕ್ಯಾಪ್ಟನ್ ಆಗಾಗ ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರ ಮೀಟರ್ ನೋಡುತ್ತಾನೆ. ಒಬ್ಬ ಬೇಗ ಉಸಿರು ಖರ್ಚು ಮಾಡುತ್ತಾನೆ, ಇನ್ನೊಬ್ಬ ನಿಧಾನ. ಯಾರ ಸಿಲಿಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಉಳಿದಿದೆಯೋ ಅವನ ಲೆಕ್ಕವೇ ಇಡೀ ತಂಡದ ಲೆಕ್ಕ. ಅವನಿಗೆ ಹೊರಡುವ ಹೊತ್ತಾದರೆ ಎಲ್ಲರೂ ಹೊರಡಬೇಕು. ಗೊಂಬೆ ಹತ್ತು ಮಾರು ದೂರದಲ್ಲಿ ಕಾಣುತ್ತಿದ್ದರೂ ಸರಿ! ಮುಂದೆ ಹೋಗುವ ಧೈರ್ಯ ಬಹಳ ಜನರಲ್ಲಿರುತ್ತದೆ. ತಿರುಗಿ ಬರುವ ಶಿಸ್ತನ್ನು ಮಾತ್ರ ಹೊಗೆಯಲ್ಲಿ ನಿಲ್ಲಿಸಿಯೇ ಕಲಿಸಬೇಕು. ಮ್ಯಾನ್‌ಹೋಲ್‌ಗಳಲ್ಲಿ, ಮಲಗುಂಡಿಗಳಲ್ಲಿ ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಸತ್ತ ಸುದ್ದಿಗಳನ್ನು ಎಷ್ಟು ಓದಿಲ್ಲ ನಾವು?

ಈ ಪಾಠಗಳ ಹಿಂದೆ ಸಾವಿನ ಸಾಲುಗಳೇ ಇವೆ. 1906ರಲ್ಲಿ ಫ್ರಾನ್ಸಿನ ಕೂರಿಯೆರ್ ಗಣಿಯಲ್ಲಿ 1,099 ಜನ ಸತ್ತಾಗ, ಉಸಿರಾಟದ ಯಂತ್ರ ತೊಟ್ಟ ತಂಡಗಳು ಜರ್ಮನಿಯಿಂದ ನೆರವಿಗೆ ಬಂದವು. 1975ರ ಡಿಸೆಂಬರಿನಲ್ಲಿ ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ನೀರು ನುಗ್ಗಿ 375 ಕಾರ್ಮಿಕರು ತೀರಿಕೊಂಡರು. ಹದಿನಾಲ್ಕು ವರ್ಷಗಳ ನಂತರ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾವೀರ ಗಣಿಗೂ ನೀರು ನುಗ್ಗಿತು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಕೊರೆದ ಕೊಳವೆಯಲ್ಲಿ ಉಕ್ಕಿನ ಕ್ಯಾಪ್ಸೂಲಿನೊಳಗೆ ತಾವೇ ಇಳಿದು, 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲೆ ಕಳಿಸಿದರು.

ಈಗ ನಮ್ಮ ಊರಿನ ಮಾತು. ಹರಿಹರದ ಎದುರು, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ವಿಸ್ಕೋಸ್ ನಾರಿನ ದೊಡ್ಡ ಕಾರ್ಖಾನೆಯಿದೆ. ವಿಸ್ಕೋಸ್ ತಯಾರಿಕೆಗೆ ಕಾರ್ಬನ್ ಡೈಸಲ್ಫೈಡ್ ಬೇಕೇ ಬೇಕು. ಅದು ಬಹು ಬೇಗ ಹೊತ್ತಿಕೊಳ್ಳುವ ದ್ರವ. ಅದೇ ಕೆಲಸದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವೂ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಮ್ಯಾನ್‌ಹೋಲ್‌ಗಳಲ್ಲಿ ಕೊಲ್ಲುವುದೂ ಬಹುಮಟ್ಟಿಗೆ ಇದೇ ಅನಿಲ. ಹಾಗಾಗಿ ಗಣಿಯ ರಕ್ಷಕರು ಕಲಿಯುವ ಪಾಠ ಇಲ್ಲಿಗೂ ಬೇಕು.

ಭೋಪಾಲ್ ದುರಂತದ ನಂತರ 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಇದಕ್ಕೆ ದಾರಿ ಮಾಡಿಕೊಟ್ಟಿವೆ. ಅವುಗಳ ವ್ಯಾಪ್ತಿಗೆ ಬರುವ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ಒಳಗಿನ ಅಣಕು ಕಾರ್ಯಾಚರಣೆ ಮಾಡಬೇಕು. ಹೊರಗಿನ ಜನವಸತಿಯನ್ನು ಸೇರಿಸಿಕೊಂಡು ವರ್ಷಕ್ಕೊಮ್ಮೆಯಾದರೂ ತಾಲೀಮು ನಡೆಸುವುದು ಸರ್ಕಾರಿ ಪ್ರಾಧಿಕಾರದ ಹೊಣೆ. ದಿನ, ಹೊತ್ತು ಮೊದಲೇ ಸಾರಿ, ಸೈರನ್ ಊದಿ, ಫೋಟೊ ತೆಗೆಸಿಕೊಂಡು ಮುಗಿಸುವ ತಾಲೀಮಿನಿಂದ ಜೀವ ಉಳಿಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ಯಾಲರಿಯಲ್ಲಿ ಮಾಡುವ ಹಾಗೆ ಅಡ್ಡಿಗಳನ್ನು ಬೇಕೆಂದೇ ಒಡ್ಡಬೇಕು, ತಪ್ಪುಗಳನ್ನು ಬರೆದಿಟ್ಟುಕೊಂಡು ಮುಂದಿನ ಸಲ ತಿದ್ದಬೇಕು.

ಇನ್ನೊಂದು ಮಾತು. ಕುಮಾರಪಟ್ಟಣ ಹಾವೇರಿ ಜಿಲ್ಲೆಗೆ ಸೇರಿದ್ದು, ಹರಿಹರ ದಾವಣಗೆರೆಗೆ. ನಡುವೆ ಇರುವುದು ಒಂದು ಹೊಳೆ, ಅನಿಲಕ್ಕೆ ಅದು ಅಡ್ಡಿಯೇನಲ್ಲ. ತಾಲೀಮು ಎರಡೂ ಜಿಲ್ಲಾಡಳಿತಗಳು ಕೂಡಿ ನಡೆಸುವಂಥದ್ದಾಗಬೇಕು. ಅಪಾಯದ ವ್ಯಾಪ್ತಿಯಲ್ಲಿರುವ ಜನರಿಗೆ ಮೊದಲೇ ಮಾಹಿತಿ ಕೊಡಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಸೈರನ್ ಕೂಗಿದರೆ ಯಾವ ಕಡೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಹರಿಹರದ ಓದುಗರು ನಗರಸಭೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮುಂದಿನ ತಾಲೀಮು ಯಾವಾಗ ಎಂದೂ ಕೇಳಿ, ಆ ದಿನ ನೀವೂ ಹೋಗಿ ಭಾಗವಹಿಸಿ.